ಮದುಮಗನ ಕೇಕು

"ನನ್ ಕೈಯಿಂದ ಅಂಥ ಪಾಪದ ಕೇಕು ಆಗಾಕಿಲ್ಲ! ನನ್ ಮನಸ್ಸಾಕ್ಷಿ ಒಪ್ಪಾಕಿಲ್ಲ. ಗಂಡು ಗಂಡು ಮದ್ವೆ ಆಯ್ತವಂತೆ, ಥೂ! ಎದ್ದೋಗ್ರಲೇ ಹಲ್ಕಾ ನನ್ಮಕ್ಳಾ!"

ಬೇಕರಿಯ ಮುಂಭಾಗದಲ್ಲಿ ಧಣಿ ಮಿಸ್ಟರ್ ರಾಯ್ಸ್ ಹೀಗೆ ಗುಡುಗುತ್ತಿದ್ದಾಗ, ಹಿಂದಿನ ಅಡುಗೆಮನೆಯಲ್ಲಿ ವರ್ನಾ ಮೊಣಕೈವರೆಗೆ ಕ್ರೀಮು ಮೆತ್ತಿಕೊಂಡು, ಪಾದ್ರಿಯ ಮಗನ ಮದುವೆಯ ಕೇಕಿಗೆ ಗುಲಾಬಿ ಬಿಡಿಸುತ್ತಿದ್ದಳು. ರಾಯ್ಸ್‌ನ ಕೈ ಹಿಟ್ಟು ಮುಟ್ಟಿ ಯಾವ ಕಾಲವಾಗಿತ್ತೋ. ಮಿಸಿಸಿಪ್ಪಿಯ ಆ ಪುಟ್ಟ ಊರಿನಲ್ಲಿ ಯಾರು ಮದುವೆಯಾದರೂ ಜನ ತಿನ್ನುತ್ತಿದ್ದುದು ವರ್ನಾಳ ಕೈಯ ಕೇಕು. ಕೈ ಅವಳದು, ಮನಸ್ಸಾಕ್ಷಿ ಧಣಿಯದು. ಅವಳ ಅಜ್ಜಿಯ ಕಾಲದಲ್ಲೂ ಧಣಿಗಳ ಹತ್ತಿರ ಮನಸ್ಸಾಕ್ಷಿ ಬೇಕಾದಷ್ಟಿತ್ತು. ಆಗ ಅದು ಅವಳಂಥ ಕರಿಯರಿಗೆ ಬ್ರೆಡ್ಡನ್ನು ಹಿತ್ತಲ ಕಿಟಕಿಯಿಂದ ಮಾತ್ರ ಕೊಡುತ್ತಿತ್ತು.

ಮದುವೆಗೆ ಕೇಕು ಕೇಳಲು ಬಂದಿದ್ದ ಆ ಇಬ್ಬರು ಹುಡುಗರು ತಲೆ ತಗ್ಗಿಸಿಕೊಂಡು ಹೋದರು. ವರ್ನಾ ಏನು ಮಾಡಿದಳು? ಇನ್ನೊಂದು ಗುಲಾಬಿ ಬಿಡಿಸಿದಳು. ಹಾಳಾದ್ದು, ಚೆನ್ನಾಗಿಯೇ ಬಂತು.

ಮನೆಗೆ ಬಂದರೆ ಓಜೆಲಾ ಜೋಳದ ರೊಟ್ಟಿ ಮಾಡಿಟ್ಟು ಕಾಯುತ್ತಿದ್ದಳು. ಮೀನು ಕಾರ್ಖಾನೆಯಲ್ಲಿ ದಿನವಿಡೀ ಮೀನಿನ ಚರ್ಮ ಸುಲಿಯುವುದು ಅವಳ ಕೆಲಸ. ಎಷ್ಟು ತಿಕ್ಕಿ ತೊಳೆದರೂ ಮೈಯಿಂದ ವಾಸನೆ ಹೋಗುತ್ತಿರಲಿಲ್ಲ. ಒಂಬತ್ತು ವರ್ಷದಿಂದ ಇಬ್ಬರೂ ಒಂದೇ ಸೂರಿನಡಿ, ಒಂದೇ ಹಾಸಿಗೆಯಲ್ಲಿ. ಊರಿಗೆಲ್ಲ ಅವಳು ವರ್ನಾಳ ಚಿಕ್ಕಪ್ಪನ ಮಗಳು. ವರ್ನಾಳಿಗೆ ಚಿಕ್ಕಪ್ಪನೇ ಇರಲಿಲ್ಲ.

"ಸೋಮವಾರ ಕೋರ್ಟಲ್ಲಿ ನಮ್ ಮದ್ವೆ. ಕೇಕು ಯಾವಾಗ ಬೇಯಿಸ್ತೀಯೆ?" ಎಂದಳು ಓಜೆಲಾ.

"ಮೆತ್ತಗೆ ಮಾತಾಡೇ, ಪಕ್ಕದ್ಮನೇರಿಗೆ ಕೇಳ್ಸುತ್ತೆ."

"ಕೇಳ್ಲಿ ಬಿಡು. ಒಂಬತ್ತು ವರ್ಷದಿಂದ ನಮ್ಮಿಬ್ರ ಗೊರಕೆ ಕೇಳ್ತಾನೇ ಅವ್ರಲ್ಲ."

ವರ್ನಾಳಿಗೆ ನಗು ಬಂತು. ಅವರ ಕಡೆ ಮದುವೆಗೆ ಎರಡು ಕೇಕು ಆಗಬೇಕು. ಮದುಮಗಳಿಗೆ ಬಿಳಿಯದು. ಮದುಮಗನಿಗೆ ಅವನ ಹುಚ್ಚಿಗೆ ತಕ್ಕ ಆಕಾರದ್ದು: ಕೋವಿ, ಟ್ರ್ಯಾಕ್ಟರು, ಬೇಟೆನಾಯಿ, ಏನು ಬೇಕಾದರೂ.

"ಇಬ್ರೂ ಹೆಣ್ಣಾದ್ರೆ ಮದುಮಗನ ಕೇಕು ಯಾರ್ಗೆ?"

"ನಂಗೇ ಕಣೆ. ಮೀನಿನ ಆಕಾರದ್ದು ಮಾಡು."

"ಅಯ್ಯೋ ನಿನ್ನ! ದಿನಾ ಕುಯ್ಯೋದು ಸಾಲ್ದಾ?"

"ಒಂದಿನನಾದ್ರೂ ಆ ದರಿದ್ರ ಮೀನು ಸಿಹಿಯಾಗಿರ್ಲಿ."

ವರ್ನಾ ನಕ್ಕಳು, ಆಮೇಲೆ ಎಂದಿನಂತೆ ರಾಗ ಎಳೆದಳು. "ಮಿಸ್ಟರ್ ರಾಯ್ಸ್‌ಗೆ ಗೊತ್ತಾದ್ರೆ ಕೆಲ್ಸದಿಂದ ಕಿತ್ತಾಕ್ತಾನೆ. ಬೇರೆ ಅಂಗಡಿ ಎಲ್ಲೈತೆ? ನನ್ನ ಓವನ್ನಂತೂ ಕೆಟ್ಟೋಗೈತೆ..."

"ನಿನ್ನ ಓವನ್ ಕೆಟ್ಟಿಲ್ಲ, ನಿನ್ನ ಎದೆ ಕೆಟ್ಟೈತೆ. ನಾನೇ ನಾಳೆ ಅಂಗಡಿಗೆ ಬಂದು ಕೇಳ್ತೀನಿ."

ತಮಾಷೆ ಇರಬೇಕು ಅಂದುಕೊಂಡು ವರ್ನಾ ಮಲಗಿದಳು. ನಿಜವೆಂದು ತಿಳಿದಿದ್ದರೆ ಜ್ವರ ಬಂತು ಅಂತ ರಜೆ ಹಾಕುವಷ್ಟು ಧೈರ್ಯ ಅವಳಿಗಿತ್ತು.

ಮರುದಿನ ಪಾದ್ರಿಯ ಹೆಂಡತಿ, ಊರವರ ಬಾಯಲ್ಲಿ ಮಿಸ್ ಅಡೆಲ್, ಮಗನ ಕೇಕು ನೋಡಲು ಬಂದು ಕುಳಿತಿದ್ದಳು. ಓಜೆಲಾ ಕಾರ್ಖಾನೆಯ ರಬ್ಬರ್ ಬೂಟಿನಲ್ಲೇ ಒಳಗೆ ಬಂದಳು. ಮಿಸ್ ಅಡೆಲ್ ಮೂಗಿಗೆ ಕರವಸ್ತ್ರ ಹಿಡಿದಳು.

"ಒಂದು ಮದುಮಗನ ಕೇಕು ಬೇಕಿತ್ತು ಸಾರ್. ಮೀನಿನ ಆಕಾರದ್ದು."

"ಮದುಮಗ ಯಾರಮ್ಮಿ?" ರಾಯ್ಸ್ ಕೇಳಿದ.

"ನಾನೇ."

ಒಳಗೆ ವರ್ನಾ ತಟ್ಟನೆ ಮೈದಾ ಮೂಟೆಗಳ ಹಿಂದೆ ಕುಕ್ಕರಿಸಿದಳು. ಯೋಚನೆ ಮಾಡಿ ಕೂತದ್ದಲ್ಲ, ಮೈಗೆ ಅದೇ ಅಭ್ಯಾಸ. ಅವಳ ಗಾತ್ರಕ್ಕೆ ಎರಡು ಮೂಟೆ ಎಲ್ಲಿಗೆ ಸಾಲಬೇಕು? ಸೊಂಟದ ಅರ್ಧಭಾಗ ಆಚೆಗೇ ಉಳಿಯಿತು.

"ಮದುಮಗಳು ಯಾವಳೇ ಲೌಡಿ?"

"ಅದನ್ನ ಅವಳೇ ಹೇಳ್ಬೇಕು ಸಾರ್. ನಾ ಹೇಳಾಕಿಲ್ಲ."

"ಸೂಳೇಮುಂಡೆ! ಮೀನ್ ನಾತ ತಂದಿದ್ದು ಸಾಲ್ದು ಅಂತ ಪಾಪಾನೂ ತಂದ್ಯಾ? ಆಚೆ ನಡಿ!"

ಓಜೆಲಾ ಕದಲಲಿಲ್ಲ. ಬೈಗುಳ ಒಂದೊಂದಾಗಿ ಅವಳ ಮೇಲೆ ಬೀಳುತ್ತಿದ್ದವು. ಈ ಮಹಾತಾಯಿ ಇನ್ನೂ ಎಷ್ಟು ಹೊತ್ತು ಅಲ್ಲೇ ನಿಂತು ಬೈಸಿಕೊಳ್ಳುತ್ತಾಳೆ, ನಾನು ಎಷ್ಟು ಹೊತ್ತು ಇಲ್ಲೇ ಕೂತು ಕೇಳಿಸಿಕೊಳ್ಳುತ್ತೇನೆ ಎಂದು ವರ್ನಾಳಿಗೆ ಅನ್ನಿಸಿತು. ಏಳಲು ಮೂಟೆ ಹಿಡಿದಳು. ಮೂಟೆ ಉರುಳಿ ಬಾಯಿ ಬಿಚ್ಚಿ, ಹಿಟ್ಟೆಲ್ಲ ತಲೆಯ ಮೇಲೆ ಸುರಿಯಿತು. ಜೀವಮಾನದಲ್ಲಿ ಒಂದೇ ಒಂದು ಸಲ ಧೈರ್ಯ ಮಾಡಿದರೆ ಹೀಗಾಗಬೇಕೇ? ಮುಖವೆಲ್ಲ ಬೆಳ್ಳಗೆ ಮಾಡಿಕೊಂಡು, ಸೀನುತ್ತಾ, ಮುಂಭಾಗಕ್ಕೆ ಬಂದಳು.

"ಮದುಮಗಳು ನಾನೇ, ಮಿಸ್ಟರ್ ರಾಯ್ಸ್."

ಸಿಡಿಲು ಬಡಿಯುತ್ತದೆ ಎಂದು ಕಾದಳು. ಬಡಿಯಲಿಲ್ಲ. ಮಿಸ್ ಅಡೆಲ್ ಬೇಸರದಿಂದ, "ಅದು ಊರಿಗೆಲ್ಲ ಗೊತ್ತೈತಲ್ಲಮ್ಮ ವರ್ನಾ. ಈಗ್ಯಾಕೆ ಬಾಯ್ಬಿಡ್ತೀಯಾ?" ಅಂದಳು.

"ಗೊತ್ತಿತ್ತಾ?"

"ನಿನ್ಗೆ ಚಿಕ್ಕಪ್ಪ ಇಲ್ಲ ಅಂತ ನಂಗೊತ್ತಿಲ್ವೇನೆ?" ರಾಯ್ಸ್‌ನ ದನಿ ಈಗ ಮೆತ್ತಗಾಗಿತ್ತು, ನಾಯಿಮರಿಗೆ ಬುದ್ಧಿ ಹೇಳುವ ಹಾಗೆ. "ಸುಳ್ಳು ಹೇಳ್ಕೊಂಡು ಮರ್ಯಾದಿಯಾಗಿದ್ದೆ, ಅದ್ಕೇ ಇಟ್ಕೊಂಡಿದ್ದೆ. ಈಗ್ಲೂ ಇವ್ಳು ಚಿಕ್ಕಪ್ಪನ ಮಗ್ಳು ಅಂತ ಮಿಸ್ ಅಡೆಲ್ ಮುಂದೆ ಒಂದ್ಸಲ ಅಂದ್ಬುಡು. ಒಳಿಕ್ಕೋಗಿ ಕೇಕು ಮುಗ್ಸು."

ಒಂಬತ್ತು ವರ್ಷ ಬಚ್ಚಿಟ್ಟದ್ದು ಯಾರಿಂದ? ಒಬ್ಬರಿಂದಲೂ ಅಲ್ಲ. ಅಷ್ಟು ವರ್ಷ ಪಟ್ಟ ಭಯವೆಲ್ಲ ದಂಡವಾಯಿತಲ್ಲ ಎಂದು ವರ್ನಾಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಜೊತೆಗೆ ಇನ್ನೊಂದು ಸೀನು.

"ಆಗಾಕಿಲ್ಲ ಮಿಸ್ಟರ್ ರಾಯ್ಸ್. ಮನಸ್ಸಾಕ್ಷಿ ಒಪ್ಪಾಕಿಲ್ಲ."

"ಕೂಲಿಯೋಳಿಗೆ ಎಂಥ ಮನಸ್ಸಾಕ್ಷಿಯೇ?"

"ನಂಗೂ ಗೊತ್ತಿರ್ಲಿಲ್ಲ, ಧಣಿ. ಈಗ್ತಾನೆ ಮೂಟೆ ಹಿಂದೆ ಸಿಕ್ತು."

"ಶನಿವಾರ ನನ್ ಮಗನ ಮದ್ವೆ!" ಮಿಸ್ ಅಡೆಲ್ ಕಿರುಚಿದಳು. ವರ್ನಾ ಓಜೆಲಾಳ ಕೈ ಹಿಡಿದುಕೊಂಡು ಬೀದಿಗಿಳಿದಳು. ಸಿನಿಮಾದಲ್ಲಾದರೆ ಇಂಥ ಹೊತ್ತಲ್ಲಿ ಸಂಗೀತ ಬರುತ್ತದೆ; ಇವಳಿಗೆ ಉಚ್ಚೆ ಬಂದಿತ್ತು.

ಎದುರಿಗೆ ಒಂದು ಟ್ರಕ್ಕು ನಿಂತಿತ್ತು. ಒಳಗೆ ಮೀನು ಕಾರ್ಖಾನೆಯ ಮೇಸ್ತ್ರಿ. ಭಾನುವಾರ ಚರ್ಚಿನಲ್ಲಿ ರಾಯ್ಸ್‌ನ ಪಕ್ಕದಲ್ಲೇ ಕೂರುವವನು. ಕಾಫಿ ಲೋಟವನ್ನು ಬಾಯಿಗೆ ಅರ್ಧ ಎತ್ತಿ, ಇವರಿಬ್ಬರ ಕೈಗಳನ್ನೇ ನೋಡುತ್ತಿದ್ದ.

"ಬಿಡೇ," ಎಂದಳು ಓಜೆಲಾ. ಅವಳ ದನಿ ಮೊದಲ ಸಲ ನಡುಗಿತು. "ಬಿಡೇ ವರ್ನಾ, ನನ್ ಕೆಲ್ಸಾನೂ ಹೋಗುತ್ತೆ."

ಓಜೆಲಾ ಕೈ ಎಳೆದುಕೊಳ್ಳಲು ನೋಡಿದಳು. ವರ್ನಾ ಬಿಡಲಿಲ್ಲ.