ಡೇಲಿಯಾ ಗಡ್ಡೆ

ನಮ್ಮತ್ತೆಯ ಕಿವಿ ಬೇಕಾದ್ದಕ್ಕೆ ಮಂದ, ಬೇಡದ್ದಕ್ಕೆ ಬಲು ಚುರುಕು. ಬೆಳಿಗ್ಗೆ ಅಡುಗೆಮನೆಯಲ್ಲಿ ನಾನು ಅಕ್ಕನಿಗೆ ಫೋನಿನಲ್ಲಿ ಪಿಸುಗುಟ್ಟಿದ್ದು ಇಷ್ಟೇ: ಗಡ್ಡೆ ಕೆಟ್ಟದ್ದು ಅಂತಾದರೆ ತೆಗೆಸಿಬಿಡ್ತೀನಿ, ಅತ್ತೆಗೆ ಮಾತ್ರ ಗೊತ್ತಾಗೋದು ಬೇಡ. ಎಡಗಡೆ ಎದೆಯಲ್ಲಿ ಗೋಲಿಯಷ್ಟು ಗಟ್ಟಿಯಾಗಿ ಕೈಗೆ ಸಿಕ್ಕಿತ್ತು. ಮಾರನೇ ದಿನ ಆಸ್ಪತ್ರೆಯಲ್ಲಿ ಪರೀಕ್ಷೆ. ಗಂಡನಿಗೂ ಹೇಳಿರಲಿಲ್ಲ. ಹೇಳಿದರೆ ಎಲ್ಲಿ ನಿಜವಾಗಿಬಿಡುತ್ತೋ ಅನ್ನೋ ಭಯ.

ಫೋನ್ ಇಟ್ಟು ಹಿತ್ತಿಲಿಗೆ ಬಂದರೆ ಅತ್ತೆ ಗುದ್ದಲಿ ಹಿಡಿದು ಡೇಲಿಯಾ ಪಾತಿಗೆ ಇಳಿದುಬಿಟ್ಟಿದ್ದಾರೆ. ವರ್ಷವರ್ಷವೂ ತಾನೇ ಚಿಗುರಿ ಹೂ ಬಿಡುವ ಪಾತಿ ಅದು. ಅವರಿಗೆ ಮಂಡಿನೋವು ಶುರುವಾದ ಮೇಲೆ ಕಳೆ ನುಗ್ಗಿ ಕಾಡಾಗಿತ್ತು. ಮುಖ ಬೇರೆ ಊದಿಸಿಕೊಂಡಿದ್ದರು. ಯಾಕೆ ಅಂತ ಕೇಳುವ ತಾಳ್ಮೆ ನನಗೆಲ್ಲಿ? ಪಕ್ಕದಲ್ಲೇ ಕಳೆ ಕೀಳಲು ಕೂತೆ. ಕಳೆಯ ಬದಲು ಚಿಗುರನ್ನೇ ಕಿತ್ತೆ, ಬೈಸಿಕೊಂಡೆ.

ಅತ್ತೆ ಒಂದು ಬುಡ ಅಗೆದೆತ್ತಿ ಮಣ್ಣು ಕೊಡವಿದರು. ಒಂದಕ್ಕೊಂದು ಅಂಟಿಕೊಂಡ ಗಡ್ಡೆಗಳ ಗೊಂಚಲು. ಒಂದನ್ನು ಒತ್ತಿದರೆ ಬೆರಳು ಒಳಕ್ಕೇ ಹೋಯಿತು. ಕೊಳೆತಿದೆ, ಬಿಟ್ಟರೆ ಪಕ್ಕದ್ದಕ್ಕೂ ಹತ್ತುತ್ತೆ ಅನ್ನುತ್ತ ಚಾಕುವಿನಿಂದ ಕಚಕ್ಕನೆ ಕೊಯ್ದು ಎಸೆದರು. ಅಯ್ಯೋ, ನಾಳೆ ನನಗೂ ಹೀಗೇ ಅಂದುಬಿಟ್ಟರೆ? ಆಗಲೇ ಪಕ್ಕದ್ದಕ್ಕೂ ಹತ್ತಿದ್ದರೆ? ಮಗಳಿಗಿನ್ನೂ ತಾನೇ ಜಡೆ ಹೆಣೆದುಕೊಳ್ಳೋಕೆ ಬರಲ್ಲ.

ಅಷ್ಟರಲ್ಲಿ ಅತ್ತೆ ಚಾಕು ಕೆಳಗಿಟ್ಟರು. ಅವರ ಕಣ್ಣು ತುಂಬಿತ್ತು.

"ನನಗೆ ಹೇಳದೆ ಗಡ್ಡೆ ತೆಗೆಸಬೇಕು ಅಂತಿದ್ಯಾ? ನಾನೇನು ಈ ಮನೆಯವಳಲ್ವಾ?"

ಬೆಳಗಿನ ನನ್ನ ಫೋನಿನ ಮಾತು ಅವರ ಕಿವಿಗೆ ಬಿದ್ದಿತ್ತು. ಆಗ ತಿಳಿಯಿತು: ಸೊಸೆ ಕದ್ದುಮುಚ್ಚಿ ಆಳು ಕರೆಸಿ ತನ್ನ ಡೇಲಿಯಾ ಕೀಳಿಸುತ್ತಾಳೆ ಅಂತ ಬೆಳಗಿನಿಂದ ಒಳಗೊಳಗೇ ಕುದಿಯುತ್ತಿದ್ದರು ಮಹಾತಾಯಿ. ಹೌದು ಅತ್ತೆ, ತಪ್ಪಾಯ್ತು ಅಂದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ನಗಲೆಂದು ಬಾಯಿ ತೆರೆದೆ, ಅಳು ಬಂತು. ಅವರ ಮಣ್ಣುಗೈ ಹಿಡಿದು ನನ್ನೆದೆಯ ಮೇಲೆ, ಅದಿದ್ದ ಜಾಗಕ್ಕೇ ತಂದಿಟ್ಟೆ.

"ಈ ಗಡ್ಡೆ, ಅತ್ತೆ."

ಅವರ ಬೆರಳು ಒತ್ತಿ ನೋಡಲಿಲ್ಲ, ಸುಮ್ಮನೆ ಅಲ್ಲೇ ಇದ್ದವು. ಯಾವಾಗ ಹೋಗಬೇಕು ಅಂತ ಕೇಳಿದರು. ನಾಳೆ ಬೆಳಿಗ್ಗೆ ಅಂದೆ.

"ನಾನೂ ಬರ್ತೀನಿ," ಅಂದರು, ಕೈ ತೆಗೆಯದೆ.