ದ್ರೌಪತಿ ಮಸಾಲೆಯ ವೆಬ್‌ಸೈಟ್ ಹೆಸರು

ವೆಬ್‌ಸೈಟ್ ಹೆಸರು ಕೊಂಡು ಮಾರುವ ವ್ಯವಹಾರ ಕಲಿಸು ಎಂದು ಈಗ ಹುಮನಾಬಾದಿನ ನನ್ನ ಆನ್‌ಲೈನ್ ಸೇವೆಯ ಅಂಗಡಿಗೆ ಜನ ಬರುತ್ತಾರೆ. ಅವರನ್ನು ಮೊದಲು ಪಕ್ಕದ ಗುರುಲಿಂಗ ಕಾಕಾನ ಹತ್ತಿರ ಅಟ್ಟುತ್ತೇನೆ. ಕಾಕಾ ಅಂಗಡಿ ಬೋರ್ಡು ಬರೆಯುವ ಪೇಂಟರ್. ಕಂಪ್ಯೂಟರ್ ಮುಟ್ಟಿದವರಲ್ಲ, ಆದರೂ ನನ್ನ ಗುರು ಅವರೇ.

ಈ ವ್ಯವಹಾರ ಹಿಡಿದ ಮೊದಲ ವಾರದಲ್ಲೇ ನಾನು ಹದಿಮೂರು ಹೆಸರು ಕೊಂಡಿದ್ದೆ. ವರ್ಷದ ಮಟ್ಟಿಗೆ ಅವು ನಮ್ಮವು. ಬೇಕಾದವರು ಬಂದರೆ ಲಾಭಕ್ಕೆ ಮಾರಬಹುದು, ಬರದಿದ್ದರೆ ಮತ್ತೆ ಹಣ ಕಟ್ಟಬೇಕು. ಪಟ್ಟಿ ನೋಡಿ ಕಾಕಾ ನಕ್ಕರು.

“ಬಸವಕಲ್ಯಾಣ ಗೃಹೋಪಯೋಗಿ ವಸ್ತು ಭಂಡಾರ. ಇದು ಹೆಸರೇನವಾ ಮನೀಷಾ, ಲಗ್ನಪತ್ರಿಕೆ ಏನು? ಬಸ್ಸಿನ್ಯಾಗ ಹೋಗಾಂವ ಒಮ್ಮೆ ಓದಿದ್ರ ತಲಿಯಾಗ ಕುಂದರಬೇಕು.”

ನನಗೆ ಮೈಯೆಲ್ಲ ಉರಿಯಿತು. ಹಟಕ್ಕೆ ಬಿದ್ದು ಕೊನೆಯ ಹೆಸರು ತೋರಿಸಿದೆ: ದ್ರೌಪತಿ ಮಸಾಲೆ. ಮಂಠಾಳದ ದ್ರೌಪತಿಬಾಯಿಯ ಖಾರಪುಡಿ ಗೊತ್ತಿಲ್ಲದ ಮನೆ ನಮ್ಮ ಕಡೆ ಇಲ್ಲ. ಹೊರಗಿನ ವ್ಯಾಪಾರಿಯೊಬ್ಬ ಆ ಹೆಸರಿಗೆ ಇಪ್ಪತ್ತು ಸಾವಿರ ಕೊಡುತ್ತೇನೆಂದು ಸಂದೇಶ ಕಳಿಸಿದ್ದ. ಅದು ಮಾರಿದರೆ ಮುಳುಗುತ್ತಿದ್ದ ನನ್ನ ಅಂಗಡಿ ಉಳಿಯುತ್ತಿತ್ತು.

ಕಾಕಾ ಬ್ರಶ್ ಕೆಳಗಿಟ್ಟರು. “ಆಕಿಗಿ ಕೇಳಿದಿ ಏನು?”

“ನೆಟ್‌ನ್ಯಾಗ ಯಾರಿಗೂ ಕೇಳಾಂಗಿಲ್ರಿ ಕಾಕಾ. ಮೊದಲ ಬಂದವರದು.”

“ನಾ ಕೇಳ್ತೀನವಾ. ಒಬ್ಬರ ಹೆಸರು ಇನ್ನೊಬ್ಬರ ಬೋರ್ಡಿಗಿ ಬರಿ ಅಂದ್ರ, ಮೊದಲಿನವರ ಮನಿಗಿ ಹೋಗ್ತೀನಿ. ಅವರು ಒಪ್ಪಿ ಬೆಲ್ಲ ಕೊಟ್ರ ಬಣ್ಣ ಕಲಸ್ತೀನಿ. ಇಲ್ಲಂದ್ರ ಇಲ್ಲ.”

ಬೆಲ್ಲ ತಾನೆ, ತಿಂದು ಬಂದು ಮಾರಿದರಾಯಿತು ಎಂದು ಮುಖ ಗಂಟು ಹಾಕಿಕೊಂಡೇ ಮಂಠಾಳದ ಬಸ್ಸು ಹತ್ತಿದೆ.

ದ್ರೌಪತಿಬಾಯಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ನಿಮ್ಮ ಮಸಾಲೆಯ ವೆಬ್‌ಸೈಟ್ ಹೆಸರು ನನ್ನ ಹತ್ತಿರ ಇದೆ ಎಂದೆ. ಅವರು ಕೈ ತೊಳೆದುಕೊಂಡು ಬಂದರು.

“ಹೆಸರು ಯಾರೋ ತಗೊಂಡಾರ ಅಂತ ನನ್ನ ಸೊಸಿ ವಾರದಿಂದ ಅಳಾಕತ್ತಾಳ. ನೀ ಕಾದಿಟ್ಟಿದ್ದೇನ ಮಗಾ? ನಿನ್ನ ಹೊಟ್ಟಿ ತಣ್ಣಗಿರ್ಲಿ.” ಒಂದು ಚೂರು ಬೆಲ್ಲ ತಂದು ನನ್ನ ಬಾಯಿಗೇ ಇಟ್ಟರು.

ಬೆಲ್ಲವನ್ನು ನುಂಗದೆ ದವಡೆಯಲ್ಲೇ ಇಟ್ಟುಕೊಂಡೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಕಾದಿಟ್ಟಿದ್ದಲ್ರಿ ಆಯಿ. ಮಾರಾಕ ಇಟ್ಟಿದ್ದೆ. ಗಿರಾಕಿನೂ ಬಂದಾನ.”

ಅವರು ನನ್ನ ಎದುರಿಗೇ ಕೂತರು. “ಮಾರಿದಿ ಏನು?”

“ಇಲ್ರಿ.”

“ಮತ್ತ? ಮನಿ ತನಕ ಬಂದೀದಿ. ಬೆಲ್ಲ ನುಂಗು.”

ಅಲ್ಲೇ ಕೂತು ಹೆಸರನ್ನು ಸೊಸೆಯ ಖಾತೆಗೆ ದಾಟಿಸಿದೆ. ನಾನು ಕಟ್ಟಿದ್ದಷ್ಟೇ ತೆಗೆದುಕೊಂಡೆ. ದ್ರೌಪತಿಬಾಯಿ ಸುಮ್ಮನಿರಲಿಲ್ಲ, ಸಂತೆಯಲ್ಲೆಲ್ಲ ನನ್ನ ಹೆಸರು ಹೇಳಿದರು. ರಾಜೇಶ್ವರ, ಕೊಹಿನೂರ ಊರುಗಳ ಅಂಗಡಿಯವರೂ ನನಗೆ ಶುಲ್ಕ ಕೊಟ್ಟು ತಮ್ಮ ವೆಬ್‌ಸೈಟ್ ಹೆಸರು ಮಾಡಿಸಲು ಬಂದರು. ಅಂಗಡಿ ಉಳಿದದ್ದು ಹಾಗೆ.

ಈಗಲೂ ವರ್ಷದ ಹಣ ಕಟ್ಟುವ ದಿನ ದ್ರೌಪತಿಬಾಯಿ ಒಂದು ಕಿಲೋ ಖಾರಪುಡಿ ತರುತ್ತಾರೆ. ಅರ್ಧ ಕಾಕಾನಿಗೆ ಕೊಡುತ್ತೇನೆ. ‘ಆಕಿಗಿ ಕೇಳಿದಿ ಏನು’ ಎಂದು ಕಾಕಾ ಅಂದು ಕೇಳದಿದ್ದರೆ ನಾನು ಮಾರಿಯೇಬಿಡುತ್ತಿದ್ದೆ.