ಮಿಡತೆಗೆ ಬಂದ ಜ್ವರ

ಹತ್ತಿಬೀಜದ ಎಣ್ಣೆಯನ್ನು ಹೊಗೆಯೇಳುವ ತನಕ ಕಾಯಿಸದೆ ಬಳಸುವ ಹೆಂಗಸು ನಮ್ಮ ವಖ್ಶ್ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ. ಕಹಿ ಹೋಗಬೇಕಾದರೆ ಕಾಯಿಸಲೇಬೇಕು. ಹಾಗಾಗಿ ನನ್ನ ತಮ್ಮನ ಮಗಳು ಫರೋಗತ್, "ಅತ್ತೆ, ಔಷಧಿ ಕಲಸೋಕೆ ಒಂದು ಕ್ಯಾನ್ ಎಣ್ಣೆ ರೆಡಿ ಇಡಿ" ಎಂದಾಗ ನಾನು ದೊಡ್ಡ ಕಡಾಯಿಯನ್ನೇ ಒಲೆಗೇರಿಸಿದೆ. ಎದ್ದ ಹೊಗೆಗೆ ನದಿಯ ಆಚೆ ದಡದವರು ಯಾರದೋ ಮದುವೆಯೆಂದು ಊಟಕ್ಕೆ ಕೈ ತೊಳೆದು ಕೂತಿದ್ದರಂತೆ.

ಫರೋಗತ್ ಬೆಳೆ ಇಲಾಖೆಯಲ್ಲಿದ್ದಾಳೆ. ಅವಳು ತಂದದ್ದು ಎರಡು ಪೊಟ್ಟಣ ಹಸಿರು ಪುಡಿ. ಮಿಡತೆಯನ್ನು ಕೊಲ್ಲುವ ಬೂಷ್ಟಿನ ಬೀಜ. ಗುಡ್ಡದ ಮೇಲಿಂದ ರೆಕ್ಕೆ ಬಾರದ ಮಿಡತೆ ಮರಿಗಳು ಹೊಳೆಯಂತೆ ಇಳಿಯುತ್ತಿದ್ದವು. ಕೆಳಗೆ ನನ್ನ ಗೋಧಿ ಹಾಲು ತುಂಬುತ್ತಿತ್ತು. ವರ್ಷವಿಡೀ ನನ್ನ ರೊಟ್ಟಿ ಅದೇ.

ಅವಳು ಪಂಪು ತೊಳೆಯಲು ಹೋದಾಗ ನಾನೇ ಒಂದು ಪೊಟ್ಟಣ ಸುರಿದು ಕಲಸಿಟ್ಟೆ. ಬಂದವಳು ಕಡಾಯಿ ಮುಟ್ಟಿ ಕೈ ಹಿಂದೆಗೆದಳು.

"ಅತ್ತೆ, ಇದು ಸುಡ್ತಿದೆ."

"ಸುಡ್ದೆ ಇನ್ನೇನು, ಈಗಷ್ಟೇ ಇಳ್ಸಿದ್ದು."

"ಅದು ಜೀವ ಇರೋ ಪುಡಿ. ಪಲಾವಿಗೆ ಈರುಳ್ಳಿ ಹುರಿದಂಗೆ ಹುರಿದುಬಿಟ್ರಿ."

"ಜೀವ ಇದೆ ಅಂತ ನಂಗೇನ್ ಗೊತ್ತು. ಅದು ಕೂಗ್ಲೂ ಇಲ್ಲ."

"ನಗಬೇಡಿ. ಈ ತಿಂಗಳು ಇನ್ನು ಪೊಟ್ಟಣ ಸಿಗಲ್ಲ. ಉಳಿದಿದ್ದು ಅರ್ಧ ಹೊಲಕ್ಕೂ ಸಾಲಲ್ಲ."

ನಾನು ಗುಡ್ಡದ ಕಡೆ ತಿರುಗಿ ನೋಡಿದೆ. ಆಮೇಲೆ ಹೇಳಿದೆ: "ಹೊಲಕ್ಕೆ ಯಾಕೆ, ಅವು ಬರೋ ದಾರಿಗೆ ಹೊಡಿ. ಬಾದಾಮಿ ಮರದ ಕೆಳಗಿನ ಹುಲ್ಲಲ್ಲೇ ಇಳಿಯೋದು, ಅರವತ್ತು ವರ್ಷದಿಂದ ನೋಡಿದೀನಿ. ಸತ್ತ ನಿಮ್ಮ ಮಾವನ ಹಂಗೆ ದಿನಕ್ಕೊಂದು ದಾರಿ ಹಿಡಿಯೋ ಜಾತಿ ಅಲ್ಲ."

ಬಿಸಿಲೂ ಆ ಪುಡಿಗೆ ಆಗದು. ಸಂಜೆಯವರೆಗೆ ಕಾದು, ತಣ್ಣಗಿನ ಎಣ್ಣೆಯಲ್ಲಿ ಕಲಸಿ, ಹುಲ್ಲಿನ ಪಟ್ಟಿಗೆ ಹೊಡೆದೆವು.

ಐದು ದಿನ ಮರಿಗಳು ಅದೇ ಹುಲ್ಲನ್ನು ಮೇಯ್ದು ನನ್ನ ಗೋಧಿಯ ಅಂಚಿಗೆ ಬಂದವು. ಪಕ್ಕದ ಹೊಲದ ತೋಜಿಬೀ ಸೊಂಟಕ್ಕೆ ಕೈಯಿಟ್ಟು ಕೇಳಿದಳು: "ಸವ್ರಿಮೋ, ಕೊಲ್ಲೋಕೆ ಹೊಡೆದ್ಯೋ, ಎಣ್ಣೆ ಹಚ್ಚಿ ಸಾಕೋಕೋ?"

ಆರನೆಯ ಬೆಳಿಗ್ಗೆ ಮೇಯುವ ಸದ್ದೇ ಇರಲಿಲ್ಲ. ಒಂದೊಂದು ಹುಲ್ಲಿನ ತುದಿಯಲ್ಲೂ ಒಂದೊಂದು ಮರಿ ಸೂರ್ಯನಿಗೆ ಮೈಯೊಡ್ಡಿ ಅಲ್ಲಾಡದೆ ಕೂತಿತ್ತು. ಆಕಾಶದ ನಕ್ಷತ್ರ ಎಣಿಸಿ ಮುಗಿಸಬಹುದು, ಅವನ್ನಲ್ಲ.

"ಜ್ವರ ಬರಿಸ್ಕೊಳ್ತಿವೆ," ಎಂದಳು ಫರೋಗತ್, ದನಿ ತಗ್ಗಿಸಿ. "ಮೈ ಕಾಯಿಸಿ ಒಳಗಿನ ಬೂಷ್ಟನ್ನ ಕೊಲ್ಲೋಕೆ. ಇನ್ನೆರಡು ದಿನ ಬಿಸಿಲು ಸಿಕ್ಕರೆ ಕೆಲವು ಬದುಕ್ಕೋತವೆ."

ನಾನು ಕಡಾಯಿಯಲ್ಲಿ ಮಾಡಿದ್ದನ್ನು ಈ ಉಗುರುದ್ದದ ಹುಳ ತನ್ನ ಮೈಯಲ್ಲೇ ಮಾಡುತ್ತಿತ್ತು. ಅದಕ್ಕೆ ಕಲಿಸಿದವರು ಯಾರು? ಪ್ರತಿವರ್ಷ ಹಿಪ್ಪುನೇರಳೆ ಹಣ್ಣು ಒಣಗಿಸಲು ಬಿಸಿಲು ಬೇಡುವವಳು ಅಂದು ಗೋಧಿಯ ಅಂಚಿನಲ್ಲಿ ಕೂತು ಮೋಡ ಬೇಡಿದೆ. ಹುಳಗಳು ಬಿಸಿಲನ್ನೇ ಬೇಡುತ್ತಿದ್ದವು. ಒಬ್ಬನೇ ದೇವರು ಇಬ್ಬರ ಮಾತನ್ನೂ ಹೇಗೆ ಕೇಳಿಸಿಕೊಂಡನೋ.

ಮರುದಿನ ಮೋಡ ಕವಿಯಿತು. ಮೂರು ದಿನ ಸೂರ್ಯ ಮುಖ ತೋರಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಇಬ್ಬನಿಯಲ್ಲಿ ಹೋದೆವು. ಮರಿಗಳು ಹುಲ್ಲು ಬಿಟ್ಟಿರಲಿಲ್ಲ. ಇಟ್ಟಿಗೆಯಂತೆ ಕೆಂಪಾಗಿ ಸತ್ತಿದ್ದವು. ಕತ್ತಿನಲ್ಲಿ, ಕಾಲಿನ ಸಂದಿನಲ್ಲಿ ಹಸಿರು ಉಕ್ಕಿತ್ತು. ಒಂದನ್ನು ಮುಟ್ಟಿದೆ, ಬೆರಳಿಗೆ ಅದೇ ಪೊಟ್ಟಣದ ಪುಡಿ. ನಾನು ಹುರಿದು ಹಾಳುಮಾಡಿದ್ದರ ನೂರರಷ್ಟು ಅಲ್ಲಿ ಬೆಳೆದು ನಿಂತಿತ್ತು. ಅಂಚಿನ ಎರಡು ಸಾಲು ಹೋಗಿತ್ತು, ಉಳಿದ ಗೋಧಿ ತಲೆದೂಗುತ್ತಿತ್ತು.

ತೋಜಿಬೀ ಪೊರಕೆ ತಂದಿದ್ದಳು. "ಗುಡಿಸಿ ಸುಟ್ಟುಬಿಡ್ಲೇನೇ?"

"ಮುಟ್ಟಬೇಡ," ಎಂದೆ ನಾನು. "ಸತ್ತಮೇಲೂ ಕೆಲಸ ಮಾಡ್ತಿದಾವೆ. ಮೇಲಿಂದ ಇನ್ನೂ ಮರಿ ಇಳೀಬೇಕು."

ಮೂವರೂ ಆ ಹುಲ್ಲನ್ನು ತುಳಿಯದೆ ಗುಡ್ಡ ಸುತ್ತಿ ಮನೆಗೆ ಬಂದೆವು. ದಾರಿಯುದ್ದಕ್ಕೂ ತೋಜಿಬೀ ಬಾಯಿ ತೆರೆಯಲಿಲ್ಲ. ಮದುವೆಯಾಗಿ ಈ ಊರಿಗೆ ಬಂದಮೇಲೆ ನಾನು ಅದನ್ನೂ ಮೊದಲ ಸಲ ಕಂಡೆ.